ಸುಣ್ಣದ ಮೇಲಿನ ಹಂದರ

ಕಾಗವಾಡ, ಐನಾಪುರದ ಸುತ್ತಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮದುವೆಯ ತಾರೀಖು ನಿಶ್ಚಯಿಸುತ್ತಿದ್ದವನು ಧರೆಪ್ಪ ಚೌಗಲಾ. ಅವನಿಗೆ ಪಂಚಾಂಗ ನೋಡಲು ಬರುತ್ತಿರಲಿಲ್ಲ. ಗಂಡು-ಹೆಣ್ಣಿನ ಜಾತಕ ಕೂಡುತ್ತದೋ ಇಲ್ಲವೋ ಎಂಬುದು ಅವನಿಗೆ ಬೇಕಾಗಿಯೂ ಇರಲಿಲ್ಲ. ಆದರೂ ಹೆಣ್ಣಿನ ಅಪ್ಪ ಮೊದಲು ಅವನ ಹತ್ತಿರ ಬಂದು, ಆಮೇಲೆ ಮುಹೂರ್ತ ಕೇಳಲು ಹೋಗುತ್ತಿದ್ದ. ಮುಹೂರ್ತಗಳು ಬೇಕಾದಷ್ಟಿದ್ದವು, ಮದುವೆಯ ಹಂದರಕ್ಕೆ ಹೊದಿಸುವ ತಾಡಪತ್ರಿಗಳು ಧರೆಪ್ಪನ ಹತ್ತಿರ ಮಾತ್ರ ಇದ್ದವು.

ತಾಡಪತ್ರಿ ಎಂದರೆ ಲಾರಿಗಳ ಮೇಲೆ ಹೊದಿಸುವಂಥ, ಮಳೆ ನೀರನ್ನು ಒಳಗೆ ಇಳಿಯಗೊಡದ ದಪ್ಪ ಬಟ್ಟೆ. ಅವು ಧರೆಪ್ಪನ ಸ್ವಂತದವಲ್ಲ, ಅಲ್ಲಿಯ ಸಹಕಾರಿ ಸಕ್ಕರೆ ಕಾರ್ಖಾನೆಯವು. ಕಬ್ಬಿನ ರಸ ತಿಳಿ ಮಾಡಲು ಬೇಕಾಗುವ ಸುಣ್ಣ, ಬಾಯ್ಲರಿನಿಂದ ಬಂದ ಬೂದಿ ಇವೆಲ್ಲ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಬಯಲಿಗೆ ಗುಡ್ಡೆಯಾಗಿ ಬಿದ್ದಿರುತ್ತಿದ್ದವು. ಅಂಗಳ ಹಳ್ಳದ ಕಡೆಗೆ ಇಳಿಜಾರು. ಮಳೆ ಬಂದರೆ ಗುಡ್ಡೆ ತೊಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಹೋಗಬಾರದು ಎಂದು ಮೇಲಿನವರು ತಾಡಪತ್ರಿ ಕೊಡಿಸಿದ್ದರು. ೧೯೮೧ರಲ್ಲಿ ಧರೆಪ್ಪ ಅಂಗಳ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಅವು ಹೊಸದಾಗಿ ಬಂದಿದ್ದವು. ಗಡಿಗೆಯ ಮೇಲೆ ಮುಚ್ಚಳ ಇಟ್ಟಷ್ಟೇ ಸರಳ ಕೆಲಸ ಎಂದುಕೊಂಡೇ ಅವನು ಸೇರಿದ.

ಸರಳವಾಗಿ ಉಳಿಯಲಿಲ್ಲ. ಕಾರ್ಖಾನೆ ಸಹಕಾರಿ. ಶೇರು ಇದ್ದವರೆಲ್ಲ ಮಾಲಕರು. ಮಾಲಕನ ಮಗಳ ಮದುವೆ, ಮಾಲಕನ ತಾಡಪತ್ರಿ. ನಡುವೆ ಸುಣ್ಣದ ಮಾತು ಎತ್ತುವವನು ಯಾರು? ಮೊದಲ ವರ್ಷ ಒಬ್ಬ ಡೈರೆಕ್ಟರರ ತಮ್ಮನ ಮನೆಗೆ ಹೋದವು. ಮರುವರ್ಷ ಊರೂರಿಗೆ ಹೋದವು. ಮಗುವಿನ ಜವಳ ತೆಗೆಯುವವರು, ಹೊಸ ಮನೆ ತುಂಬುವವರು, ಯಡೂರಿಗೆ ಹೋಗುವ ಯಾತ್ರಿಕರಿಗೆ ದಾರಿಯಲ್ಲಿ ಅನ್ನ ಹಾಕುವವರು, ಎಲ್ಲರೂ ಬಂದರು. ಒಮ್ಮೆ ಒಂದೇ ದಿನಕ್ಕೆ ಇಬ್ಬರು ಬಂದು, ಒಂದೇ ತಾಡಪತ್ರಿಯನ್ನು ಎರಡು ಕಡೆಯಿಂದ ಹಿಡಿದೆಳೆದದ್ದಕ್ಕೆ ಅದು ಹರಿದುಹೋಯಿತು. ಆವತ್ತು ಧರೆಪ್ಪ ಒಂದು ಕಾಯದೆ ಮಾಡಿದ. ಬೇಕಾದವರು ಒಂದು ತೆಂಗಿನಕಾಯಿ ತಂದು ಅವನ ಮೇಜಿನ ಮೇಲೆ ಇಡಬೇಕು. ಯಾರ ಕಾಯಿ ಮೊದಲು ಬಂತೋ ಆ ದಿನ ಅವರದು. ಧರೆಪ್ಪ ಕಾಯಿ ಮುಟ್ಟಿ ಹಣೆಗೆ ಒತ್ತಿಕೊಂಡು ಮಾತು ಕೊಟ್ಟ ಮೇಲೆ ಡೈರೆಕ್ಟರು ಬಂದರೂ ಅಷ್ಟೇ, ಮಂತ್ರಿ ಬಂದರೂ ಅಷ್ಟೇ. ಮಂತ್ರಿ ಯಾರೂ ಬರಲಿಲ್ಲ. ಆದರೆ ಬಂದರೆ ಏನು ಹೇಳಬೇಕೆಂಬುದನ್ನು ಧರೆಪ್ಪ ಯೋಚಿಸಿ ಇಟ್ಟುಕೊಂಡಿದ್ದ.

ಕಾಯದೆ ಮಾಡಿದವನಿಗೆ ಮರ್ಯಾದೆ ಬಂತು. ಮದುವೆಗಳಲ್ಲಿ ಬೀಗರ ಸಾಲಿನಲ್ಲಿ ಅವನಿಗೆ ಕುರ್ಚಿ. ಮೈಕಿನಲ್ಲಿ "ತಾಡಪತ್ರಿ ಧರೆಪ್ಪಣ್ಣಾರು ಎಲ್ಲಿದ್ದರೂ ಹಂದರದ ಮುಂದ ಬರಬೇಕು" ಎಂದು ಕೂಗು. ಹೋದರೆ ತಲೆಗೆ ಟೋಪಿ, ಹೆಗಲಿಗೆ ಟಾವೆಲ್. ಅವನ ಹೆಂಡತಿ ಶಿವಗಂಗವ್ವ ಪ್ರತಿ ಬೇಸಿಗೆಯಲ್ಲೂ ಟೋಪಿಗಳನ್ನು ಬಿಸಿಲಿಗೆ ಹರವುವಳು.

"ಇಷ್ಟ ಟೋಪಿ ಹಾಕಾಕ ಇನ್ನೊಂದ ತಲಿ ಎಲ್ಲಿಂದ ತರೂಣು?" ಎಂದು ಕೇಳುವಳು.

"ಮಾನಾ ಕೊಡ್ತಾರ, ಬ್ಯಾಡ ಅನ್ನಾಕ ಬರ್ತೈತೇನ?" ಎನ್ನುವನು ಧರೆಪ್ಪ.

"ಮಾನಾ ನಿಮಗ ಕೊಡ್ತಾರೋ, ಬಟ್ಟಿಗೆ ಕೊಡ್ತಾರೋ?"

ಧರೆಪ್ಪ ಇದಕ್ಕೆ ಉತ್ತರ ಕೊಡುವಷ್ಟು ಸಣ್ಣವನಾಗಿರಲಿಲ್ಲ.

ಇದರಲ್ಲಿ ಒಂದೇ ಒಂದು ತೊಡಕಿತ್ತು. ಮದುವೆಗಳು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆಗಾಲಕ್ಕೆ ಮುಂಚಿನ ಅಡ್ಡಮಳೆ ಬರುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಸುಣ್ಣಕ್ಕೆ ತಾಡಪತ್ರಿ ಬೇಕಾದ ದಿನವೇ ಅದು ಯಾರದೋ ಹಂದರದ ಮೇಲೆ ಇರುತ್ತಿತ್ತು. ಧರೆಪ್ಪ ಈ ತೊಡಕನ್ನು ತನ್ನ ಬುದ್ಧಿಯಿಂದ ಬಿಡಿಸಿದ್ದ. ಬೆಳಿಗ್ಗೆ ಅಂಗಳದ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮುಗಿಲು ನೋಡಿ, "ಇವತ್ತ ಬರೂದಿಲ್ಲ" ಎನ್ನುವನು. ಬಾರದ ದಿನ ಅವನ ಮಾತು ನಿಜವಾಯಿತು ಎಂದು ಎಲ್ಲರೂ ಹೇಳುವರು. ಬಂದ ದಿನ ಮಳೆಯನ್ನು ಬೈಯುವರು. ಹೀಗೆ ಕೆಲವು ವರ್ಷ ನಡೆದ ಮೇಲೆ, ಮಳೆ ತನ್ನನ್ನು ಕೇಳಿಯೇ ಬರುತ್ತದೆ ಎಂಬ ನಂಬಿಕೆ ಧರೆಪ್ಪನಿಗೆ ಸಣ್ಣಗೆ ಹತ್ತಿಕೊಂಡಿತ್ತು.

ಮಳೆಯನ್ನು ಬೈಯದೆ ಇದ್ದವಳು ಜನಾಬಾಯಿ ಒಬ್ಬಳೇ; ಅವಳು ಧರೆಪ್ಪನನ್ನು ಹಿಡಿಯುತ್ತಿದ್ದಳು. ಅಂಗಳದಲ್ಲಿ ಕಸ ಹೊಡೆಯುವ ಕೆಲಸ ಅವಳದು. ಮನೆ ಹಳ್ಳದ ಕೆಳದಂಡೆಯ ಕೇರಿಯಲ್ಲಿ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಆ ಕೇರಿಯವರು ಉಸುಕಿನಲ್ಲಿ ವರತಿ ತೋಡಿ, ಕೆಳಗಿಂದ ಜಿನುಗಿದ ನೀರನ್ನು ತಂಬಿಗೆಯಿಂದ ಗಡಿಗೆಗೆ ತುಂಬಿಕೊಳ್ಳುವರು. ಕುಡಿಯಲಿಕ್ಕೆ, ಅಡಿಗೆಗೆ ಅದೇ ನೀರು. ಮೊದಲ ಮಳೆ ಬಿದ್ದು ಅಂಗಳದ ಸುಣ್ಣ ಇಳಿದು ಬಂದಿತೆಂದರೆ ವರತಿ ಬೆಳ್ಳಗಾಗುವುದು. ಆಮೇಲೆ ಹಳ್ಳ ಜೋರಾಗಿ ಹರಿದು ತೊಳೆದುಹೋಗುವವರೆಗೆ ಐನಾಪುರದ ದಾರಿಯ ಬಾವಿಯಿಂದ ಹೊತ್ತು ತರಬೇಕು. ಪ್ರತಿ ವರ್ಷ ಅವಳು ಬಂದು, "ಅಣ್ಣಾರ, ಸುಣ್ಣದ ಮ್ಯಾಲ ತಾಡಪತ್ರಿ ಹಾಕ್ರಿ" ಎನ್ನುವಳು. ಧರೆಪ್ಪ, "ಹಾಕೂಣಂತ" ಎನ್ನುವನು. ಇಬ್ಬರದೂ ಮಾತು ಅಲ್ಲಿಗೆ ಮುಗಿಯುವುದು.

೧೯೮೮ರ ಬೇಸಿಗೆಯಲ್ಲಿ ಮಾತು ಅಲ್ಲಿಗೆ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಜನಾಬಾಯಿ ಕಸಬರಿಗೆ ಹೊರಗಿಟ್ಟು, ಸೆರಗು ಹೊದ್ದುಕೊಂಡು ಧರೆಪ್ಪನ ಕೋಣೆಯೊಳಗೆ ಬಂದಳು. ಮೇಜಿನ ಮೇಲೆ ಒಂದು ತೆಂಗಿನಕಾಯಿ ಇಟ್ಟಳು.

"ನಮ್ಮ ಹುಡಗಿ ಅಕ್ಕುತಾಯಿದು ಮದವಿ ಗೊತ್ತಾತ್ರಿ. ಮೇ ಹನ್ನೆರಡಕ್ಕ."

"ಛಲೋ ಆತು," ಎಂದ ಧರೆಪ್ಪ. "ಮುಹೂರ್ತ ಎಷ್ಟಕ್ಕ?"

"ನಮ್ಮಲ್ಲಿ ಮುಹೂರ್ತ ಇರೂದಿಲ್ರಿ. ಬುದ್ಧ ವಿಹಾರದ ಭಂತೇಜಿ ಸಂಜೀಕ ಬರ್ತೀನಿ ಅಂದಾರ. ಸಂಜೀಕ."

ಧರೆಪ್ಪ ಮನಸ್ಸಿನಲ್ಲಿ ದಿನಗಳನ್ನು ಎಣಿಸಿ ನೋಡಿದ. "ಅವತ್ತ ಯಾರ ಕಾಯೀನೂ ಬಂದಿಲ್ಲ. ನಿಮ್ಮ ಕೇರಿ ಅಂಗಳಕ್ಕ ಎರಡ ಸಾಕಲಾ?"

"ಎಲ್ಲಾ ಬೇಕ್ರಿ."

"ಎಲ್ಲಾ? ಎಲ್ಲಿ ಹಂದರಾ ಹಾಕ್ತೀಯವ್ವ, ಅಥಣೀತನಾ ಹಾಕ್ತೀಯೇನ?"

"ನಮಗ ಹಂದರಾ ಬ್ಯಾಡ್ರಿ. ಬೇವಿನ ಗಿಡದ ನೆಳ್ಳ ಐತಿ. ನನ್ನ ಹೆಸರ್ಲೆ ಆ ಸುಣ್ಣದ ಮ್ಯಾಲ ಹಾಕ್ರಿ."

ಧರೆಪ್ಪ ಕಿಟಕಿಯಿಂದ ಸುಣ್ಣದ ಗುಡ್ಡೆಯನ್ನು ನೋಡಿದ. ಕಾಯಿಯನ್ನು ನೋಡಿದ.

"ಅಲ್ಲಬೇ, ಜಗತ್ತೆಲ್ಲಾ ಮದವಿಗೆ ತಾಡಪತ್ರಿ ಒಯ್ತೈತಿ. ನೀ ಮದವಿಗೆ ಒಯ್ಯಬ್ಯಾಡ್ರಿ ಅಂತ ಕಾಯಿ ತಂದೀಯಾ?"

"ಮತ್ತ ಏನ ಮಾಡ್ಲಿ? ಕಾಯಿ ಇಲ್ದ ಹೇಳಿದ್ರ ನೀವು ಹಾಕೂಣಂತ ಅಂತೀರಿ. ಬೀಗರು ಮೀರಜ ಕಡೆಯವರು. ಅವರ ಮುಂದ ಬೆಳ್ಳನ್ನ ನೀರ ಇಟ್ರ ಹಾಲ ಅಂತ ತಿಳಕೋತಾರೇನ್ರಿ? ಆ ನೀರಾಗ ಬ್ಯಾಳಿ ಬೇಯೂದಿಲ್ಲ. ಮದವಿ ಮಂದಿಗೆಲ್ಲಾ ಬಾವಿಯಿಂದ ಹೊತ್ತ ತರಾಕ ಆಗೂದಿಲ್ಲ. ನನ್ನ ಮಗಳ ಮದವ್ಯಾಗ ಮಂದಿ ಹಸಿ ಬ್ಯಾಳಿ ಉಣಬಾರದ್ರಿ, ಅಷ್ಟ."

ಧರೆಪ್ಪನಿಗೆ ಸಿಟ್ಟು ಬಂತು, ಆದರೆ ಯಾತರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ವರ್ಷಗಳಲ್ಲಿ ತಾಡಪತ್ರಿಯನ್ನು ಅದು ಯಾತಕ್ಕೆ ಬಂದಿತ್ತೋ ಅದಕ್ಕೇ ಯಾರೂ ಬೇಡಿರಲಿಲ್ಲ. ಇಲ್ಲವೆನ್ನಲು ಕಾಯದೆಯಲ್ಲಿ ಜಾಗ ಹುಡುಕಿದ. ಕಾಯಿ ಮೊದಲು ಬಂದಿದೆ. ಎಲ್ಲಿ ಹಾಸಬೇಕೆಂದು ಕಾಯದೆ ಹೇಳಿರಲಿಲ್ಲ. ಅವನು ಕಾಯಿ ಮುಟ್ಟಿ ಹಣೆಗೆ ಒತ್ತಿಕೊಂಡ.

ಸಂಜೆ ಕಾಯಿ ನೋಡಿದ ಶಿವಗಂಗವ್ವ ಸುದ್ದಿ ಕೇಳಿ ಬಾಯಿಗೆ ಸೆರಗು ಹಚ್ಚಿದಳು. "ಹಂಗಂದ್ರ ಈ ಸಲ ನೀವು ಸುಣ್ಣದ ಗುಡ್ಡದ ಮುಂದ ಕುರ್ಚಿ ಹಾಕ್ಕೊಂಡ ಕುಂಡ್ರಾವರು."

ವಾರದೊಳಗೆ ರಾವಸಾಹೇಬರ ಜೀಪು ಬಂತು. ರಾವಸಾಹೇಬರು ಕಾರ್ಖಾನೆಯ ಡೈರೆಕ್ಟರು. ಐನಾಪುರದ ಕಡೆ ಕಬ್ಬು, ದ್ರಾಕ್ಷಿ ಎರಡೂ ಇದ್ದವರು. ಬಿಳಿ ಬಟ್ಟೆ ಎಷ್ಟು ಗರಿಗರಿಯಾಗಿರುತ್ತಿತ್ತೆಂದರೆ ಅವರು ಕುಳಿತರೆ ಸಪ್ಪಳ ಕೇಳಿಸುತ್ತಿತ್ತು. ಅವರ ಮಗನ ಮದುವೆ. ಮೇ ಹನ್ನೆರಡು, ಮಧ್ಯಾಹ್ನ.

"ಕಾಯಿ ಬಂದೈತ್ರಿ," ಎಂದ ಧರೆಪ್ಪ.

"ಯಾರದು?"

"ಜನಾಬಾಯಿದು. ಅಂಗಳದಾಗ ಕಸಾ ಹೊಡೀತಾಳಲ್ರಿ."

"ಆಕಿಗೆ ಎಷ್ಟ ಬೇಕು? ಎರಡ ಕೊಟ್ಟ ಕಳಸು, ಉಳದಿದ್ದ ನನಗ ಇರ್ಲಿ."

"ಎಲ್ಲಾ ಬೇಕಂತ್ರಿ. ಸುಣ್ಣದ ಮ್ಯಾಲ ಹಾಕಾಕ."

"ಧರೆಪ್ಪಾ, ಮದವಿ ಯಾರದು? ಆಕಿ ಮಗಳದೋ, ಸುಣ್ಣದ್ದೋ?"

"ಮಗಳದ್ರಿ."

"ಹಂಗಾದ್ರ ಸುಣ್ಣಾ ಯಾಕ ಹಂದರದಾಗ ಕುಂಡ್ರಬೇಕು? ನನ್ನ ಬೀಗರು ಬಿಸಲಾಗ ಕುಂಡ್ರಬೇಕೇನು?"

ಇಲ್ಲಿ ಧರೆಪ್ಪ ದೊಡ್ಡವರ ಹತ್ತಿರ ದೊಡ್ಡವನಾಗಲು ಹೋದ. ಅಡ್ಡಮಳೆ ಎಂದೂ ಸಂಜೆ ನಾಲ್ಕರ ಒಳಗೆ ಬರುವುದಿಲ್ಲ, ಇದು ತನ್ನ ಅನುಭವ ಎಂದ. ಬೆಳಿಗ್ಗೆ ತಾಡಪತ್ರಿ ಒಯ್ಯಲಿ, ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು ಮೊದಲ ಪಂಕ್ತಿ ಎದ್ದ ಕೂಡಲೇ ತಾನೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಸುಣ್ಣದ ಮೇಲೆ ಹಾಕುತ್ತೇನೆ ಎಂದ. ಇತ್ತ ಇವರ ಮದುವೆಯೂ ಆಗುತ್ತದೆ, ಅತ್ತ ಅವಳ ಮದುವೆಯೂ. ರಾವಸಾಹೇಬರು ಅವನ ಬೆನ್ನು ತಟ್ಟಿ, "ಶಾಣ್ಯಾ ಅದೀ" ಎಂದು ಜೀಪು ಹತ್ತಿದರು. ಜನಾಬಾಯಿಗೆ ಇದನ್ನು ಹೇಳಬೇಕೆಂದು ಧರೆಪ್ಪ ಅಂದುಕೊಂಡ. ಸಂಜೆಯೊಳಗೆ ತಾಡಪತ್ರಿ ಬಂದೇ ಬರುತ್ತದಲ್ಲ, ಸುಮ್ಮನೆ ಅವಳನ್ನು ಗಾಬರಿ ಮಾಡುವುದೇಕೆ ಎಂದೂ ಅಂದುಕೊಂಡ. ಎರಡನೆಯದನ್ನು ಮಾಡಿದ.

ಮೇ ಹನ್ನೆರಡರಂದು ಅವನು ಅಂಗಳದಲ್ಲಿ ನಿಂತು ಮುಗಿಲು ನೋಡಿದ. "ನಾಲ್ಕರ ತನಕ ಬರೂದಿಲ್ಲ" ಎಂದು ಹೇಳಿ ಐನಾಪುರಕ್ಕೆ ಹೋದ. ಶಾಲೆಯ ಮುಂದಿನ ಬಯಲಿನಲ್ಲಿ ಹಾಕಿದ ಹಂದರ ಭರ್ಜರಿಯಾಗಿತ್ತು. ಬೀಗರ ಸಾಲಿನಲ್ಲಿ ಕುರ್ಚಿ, ಮೈಕಿನಲ್ಲಿ ಹೆಸರು, ಟೋಪಿಯ ಬದಲು ಈ ಸಲ ತಲೆಗೆ ಗುಲಾಬಿ ಬಣ್ಣದ ಪಟಗಾ. ಅಕ್ಕಿಕಾಳು ಎಸೆದು ಕೈ ಕೊಡವುವಾಗ ಧರೆಪ್ಪನ ಮೂಗಿಗೆ ತಣ್ಣನೆಯ ಗಾಳಿ ಬಡಿಯಿತು. ಹಂದರದ ಅಂಚಿನಿಂದ ಹೊರಗೆ ಇಣುಕಿದ. ಅಥಣಿಯ ಕಡೆಯಿಂದ ಮೋಡ ಎದ್ದು ಬರುತ್ತಿತ್ತು, ಕರ್ರಗೆ, ಯಾರನ್ನೂ ಕೇಳದೆ. ಗಡಿಯಾರ ನೋಡಿದ. ಇನ್ನೂ ಒಂದೂ ಆಗಿರಲಿಲ್ಲ.

ಮೊದಲ ಪಂಕ್ತಿ ಆಗಷ್ಟೇ ಕುಳಿತಿತ್ತು. ಟ್ರ್ಯಾಕ್ಟರ್ ಡ್ರೈವರ್ ಭೀಮಸಿ ಆ ಪಂಕ್ತಿಯ ತುದಿಯಲ್ಲಿದ್ದ. ಧರೆಪ್ಪ ಹೋಗಿ ಅವನ ಹೆಗಲು ಅಲುಗಾಡಿಸಿದ.

"ಏಳ ಭೀಮಸಿ, ಟ್ರ್ಯಾಕ್ಟರ್ ತಗಿ."

"ಹುಗ್ಗಿ ಈಗ ನೀಡ್ಯಾರ್ರಿ ಅಣ್ಣಾ."

"ಹುಗ್ಗಿ ಎಲ್ಲಿ ಹೊಕ್ಕೈತಿ? ಮಳಿ ಬರಾಕತ್ತೈತಿ."

"ಎರಡೂ ಬಾಯಿಗೇ ಬರಾಕತ್ತಾವ್ರಿ," ಎಂದು ಭೀಮಸಿ ಒಂದು ತುತ್ತು ದೊಡ್ಡದಾಗಿ ನುಂಗಿ ಎದ್ದ.

ಧರೆಪ್ಪ ಒಂದು ಗಳದ ಹತ್ತಿರ ಹೋಗಿ ಹಗ್ಗ ಬಿಚ್ಚತೊಡಗಿದ. ಎರಡನೆಯ ಗಳಕ್ಕೆ ಬರುವಷ್ಟರಲ್ಲಿ ರಾವಸಾಹೇಬರು ಓಡಿ ಬಂದರು.

"ಏ ಧರೆಪ್ಪಾ! ಏನ ಮಾಡಾಕತ್ತೀ?"

"ಅಕ್ಕಿಕಾಳ ಬಿದ್ದುವಲ್ರಿ."

"ಮಂದಿ ಉಣ್ಣಾಕತ್ತೈತಿ!"

"ಉಣ್ಣಲ್ರಿ. ಊಟಕ್ಕ ನಾ ಏನೂ ಅಂದಿಲ್ಲ."

"ಲೇ, ಮಳಿ ಬರಾಕತ್ತೈತಿ!"

"ಅದಕ್ಕ ರೀ," ಎಂದ ಧರೆಪ್ಪ.

ಈ ಉತ್ತರ ರಾವಸಾಹೇಬರಿಗೆ ಅರ್ಥವಾಗಲಿಲ್ಲ. ಧರೆಪ್ಪನಿಗೂ ಪೂರ್ತಿ ಅರ್ಥವಾಗಿತ್ತೆಂದು ಹೇಳಲಾಗದು. ಮುಂದಿನ ಸಾಲಿನ ಕುರ್ಚಿ, ಮೈಕು, ಪಟಗಾ, ಎಲ್ಲವೂ ಈ ಹಗ್ಗದ ಗಂಟಿನ ಜೊತೆಗೇ ಬಿಚ್ಚಿಹೋಗುತ್ತವೆ ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಾಯಿ ಹಣೆಗೆ ಒತ್ತಿಕೊಂಡಾಗಿತ್ತು. ಹಣೆ ಅವನದೇ. ಮೀರಜದ ಬೀಗರು ತುತ್ತು ಬಾಯಿಗಿಟ್ಟು, ಹಸಿ ಬೇಳೆ ಕಡಿದು, ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಕಣ್ಣಿಗೆ ಕಟ್ಟಿತ್ತು. ಅವನು ಹಗ್ಗ ಬಿಚ್ಚುತ್ತ ಹೋದ.

ಒಂದೊಂದೇ ತಾಡಪತ್ರಿ ಇಳಿದಂತೆ ಒಂದೊಂದೇ ಸಾಲಿಗೆ ಮುಗಿಲು ಕಂಡಿತು. ಉಣ್ಣುವವರು ಊಟದ ಪತ್ರೋಳಿಗಳನ್ನು ಎತ್ತಿಕೊಂಡು ನಿಂತರು. ಮೈಕಿನವನು ತನ್ನ ಕರ್ತವ್ಯ ಬಿಡದೆ, "ಎಲ್ಲಾರೂ ಸಾವಕಾಶ ಊಟಾ ಮಾಡಬೇಕು, ಸಾಲಿ ಒಳಗ ಓಡಬೇಕು" ಎಂದು ಕೂಗಿದ. ಮದುಮಗ ಶಾಲೆಯ ಮೂರನೆಯ ಇಯತ್ತೆಯ ಮಕ್ಕಳ ಬೆಂಚಿನ ಮೇಲೆ ಹೋಗಿ ಕುಳಿತ. ರಾವಸಾಹೇಬರ ಬಟ್ಟೆಯ ಮೇಲೆ ಮೊದಲ ಹನಿ ಬಿತ್ತು.

ಟ್ರ್ಯಾಕ್ಟರ್ ಕಾರ್ಖಾನೆಯ ಹಿಂದಿನ ಗೇಟು ಹೊಕ್ಕಾಗ ಧರೆಪ್ಪ ಕಂಡದ್ದು ಇನ್ನೊಂದು ಮದುವೆ. ಜನಾಬಾಯಿಯ ಕೇರಿಯವರೆಲ್ಲ ಸುಣ್ಣದ ಗುಡ್ಡೆಯ ಮೇಲೆ ಇದ್ದರು. ಕೌದಿ, ಗೋಣಿಚೀಲ, ಹಾಸಿಗೆ, ಒಂದು ಮನೆಯ ಬಾಗಿಲು, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಮುಚ್ಚುತ್ತಿದ್ದರು. ಮುಚ್ಚಿದ್ದು ಕಾಲುಭಾಗ. ಮುಚ್ಚದ ಒಂದು ಮೂಲೆಯಲ್ಲಿ ಹನಿ ಬಿದ್ದು ಸುಣ್ಣ ಚುಯ್ಯೆಂದು ಹೊಗೆಯಾಡುತ್ತಿತ್ತು. ಜನಾಬಾಯಿ ಕೌದಿಯ ಅಂಚು ಹಿಡಿದುಕೊಂಡೇ ಅವನ ಪಟಗಾ ನೋಡಿದಳು.

"ಬಂದ್ರ್ಯಾ ಅಣ್ಣಾರ? ಊಟಾ ಆತ್ರಿ?"

"ಇಲ್ಲಬೇ. ತಾಡಪತ್ರಿ ಹಿಡಿ."

"ನಾ ಕಾಯಿ ಕೊಟ್ಟಿದ್ದೆ. ಕಾಯಿ ಕೆಟ್ಟಿತ್ತೇನ್ರಿ?"

"ಬೈಯೂದ ಆಮ್ಯಾಲ ಬೈ. ಮೊದಲ ಹಿಡಿ."

ಗಾಳಿ ತಾಡಪತ್ರಿಯನ್ನು ಹಿಡಿಯಗೊಡಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬಡಿಯುತ್ತಿತ್ತು. ಕಲ್ಲು ಹುಡುಕುವಷ್ಟು ಹೊತ್ತಿರಲಿಲ್ಲ. ಆಗತಾನೇ ಮೀರಜದಿಂದ ಬಂದಿಳಿದ ಬೀಗರು ಸುದ್ದಿ ಕೇಳಿ ಅಂಗಳಕ್ಕೇ ಬಂದಿದ್ದರು. ಗಂಡಿನ ಸೋದರಮಾವ ದಪ್ಪ ಆಳು. ಮರಾಠಿಯಲ್ಲಿ ಏನೋ ಹೇಳಿ, ತಾಡಪತ್ರಿಯ ಒಂದು ಮೂಲೆಯ ಮೇಲೆ ಕುಳಿತುಬಿಟ್ಟ. ಆ ಮೂಲೆ ಮತ್ತೆ ಏಳಲಿಲ್ಲ. ಅದನ್ನು ನೋಡಿ ಉಳಿದವರೂ ಸುತ್ತಲೂ ಅಂಚಿನ ಮೇಲೆ ಕುಳಿತರು. ಮೀರಜದ ಮದುಮಗನೂ ಕುಳಿತ. ಧರೆಪ್ಪ ಅವನ ಪಕ್ಕದಲ್ಲಿ ಕುಳಿತ. ಮಳೆ ಅವರೆಲ್ಲರ ಮೇಲೆ ಬಿತ್ತು. ಸುಣ್ಣದ ಮೇಲೆ ಬೀಳಲಿಲ್ಲ. ಪಟಗಾದ ಗುಲಾಬಿ ಬಣ್ಣ ಧರೆಪ್ಪನ ಕಿವಿಯ ಮೇಲಿಂದ ಇಳಿದು ಅಂಗಿಗೆ ಬಂತು. ಅದನ್ನು ನೋಡಿ ಜನಾಬಾಯಿ ಕೂಡ ಬೈಯುವುದನ್ನು ಮುಂದಕ್ಕೆ ಹಾಕಿದಳು.

ಮಳೆ ನಿಂತ ಮೇಲೆ ಎಲ್ಲರೂ ಹಳ್ಳಕ್ಕೆ ಇಳಿದರು. ಹಳ್ಳ ಕಾಲು ತೋಯುವಷ್ಟು ಬಂದಿತ್ತು. ನೀರು ಕೆಂಪಗಿತ್ತು, ಬರೀ ಹೊಲದ ಮಣ್ಣು. ಒಂದು ಬದಿಗೆ ಮಾತ್ರ ಬಿಳಿ ಗೆರೆಯೊಂದು ಬಂದು, ಉಸುಕು ಮುಟ್ಟುವ ಮೊದಲೇ ನಿಂತಿತ್ತು. ಕೆಂಪು ನೀರು ನೋಡಿ ಒಂದು ಮದುವೆಯ ಮಂದಿ ಇಷ್ಟು ಸಂತೋಷಪಟ್ಟದ್ದು ಬೇರೆಲ್ಲೂ ಇರಲಿಕ್ಕಿಲ್ಲ. ಮಣ್ಣನ್ನು ಉಸುಕು ತಡೆಯುತ್ತದೆ, ಸುಣ್ಣವನ್ನು ತಡೆಯುವುದಿಲ್ಲ. ಇದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ದಂಡೆಗೆ ಸರಿದು ಹೊಸ ವರತಿ ತೋಡಿದರು. ಸ್ವಲ್ಪ ಹೊತ್ತಿಗೆ ತಳದಲ್ಲಿ ತಿಳಿನೀರು ಕೂಡಿತು. ಜನಾಬಾಯಿ ತಂಬಿಗೆ ತುಂಬಿ ಧರೆಪ್ಪನ ಮುಂದೆ ಹಿಡಿದಳು.

"ನೋಡ್ರಿ."

"ನೋಡಿದೆ. ತಿಳಿ ಅದಾವು."

"ಕಣ್ಣಿಲೆ ನೋಡಿದ್ರ ಏನ ತಿಳೀತೈತ್ರಿ? ಕುಡದ ನೋಡ್ರಿ."

ಧರೆಪ್ಪ ತಂಬಿಗೆಯನ್ನು ನೋಡಿದ. ಏಳು ವರ್ಷ ಈ ನೀರು ಹೇಗಿರಬೇಕೆಂಬುದನ್ನು ಅವನೇ ನಿರ್ಧರಿಸುತ್ತಿದ್ದ. ಈ ಕೇರಿಯ ನೀರನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ. ಸುತ್ತ ನಿಂತವರು ನೋಡದವರಂತೆ ಅವನ ಮುಖ ನೋಡುತ್ತಿದ್ದರು. ಅವನು ಗಟಗಟನೆ ಕುಡಿದ.

"ಉಪ್ಪ ಅದಾವು," ಎಂದ.

"ಅವು ನಮ್ಮಜ್ಜಿ ಕಾಲದಿಂದ ಉಪ್ಪರಿ. ಸುಣ್ಣಾ ಹತ್ತೈತೋ ಇಲ್ಲೋ ಅಷ್ಟ ಹೇಳ್ರಿ."

"ಇಲ್ಲ."

"ಹಂಗಾರ ಬ್ಯಾಳಿ ಇಡ್ರಬೇ!" ಎಂದು ಅವಳು ಮೇಲಿನ ಹೆಂಗಸರಿಗೆ ಕೂಗಿ ಹೇಳಿದಳು.

ಬೇಳೆ ಬೆಂದಿತು. ಮದುವೆ ಆಯಿತು. ಧರೆಪ್ಪ ಅಲ್ಲಿಯೇ ಉಂಡ. ಭೀಮಸಿ ಎರಡು ಸಲ ಉಂಡ.

ಆಮೇಲೆ ನಡೆದ ಕಾರ್ಖಾನೆಯ ಸಭೆಯಲ್ಲಿ ರಾವಸಾಹೇಬರು ಎದ್ದು ನಿಂತಾಗ, ಧರೆಪ್ಪನ ನೌಕರಿ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ರಾವಸಾಹೇಬರು ದೂರಾಲೋಚನೆಯ ಮನುಷ್ಯ. ಮನೆಯಲ್ಲಿ ಇನ್ನೂ ಇಬ್ಬರು ಮಕ್ಕಳ ಮದುವೆ ಇತ್ತು. ಅವರು ಹೇಳಿದ್ದು ಇಷ್ಟೇ: ಸುಣ್ಣಕ್ಕೆ ತನ್ನದೇ ಆದ ಗಟ್ಟಿ ಸೂರು ಇದ್ದರೆ ಅದು ಶೇರುದಾರರ ತಾಡಪತ್ರಿಯ ಮೇಲೆ ಕಣ್ಣು ಹಾಕುವುದಿಲ್ಲ. ಶೇರುದಾರರ ಮದುವೆ ನಿರ್ವಿಘ್ನವಾಗಿ ನಡೆಯುವುದು ಸಹಕಾರಿ ತತ್ವ. ಎಲ್ಲರೂ ಕೈ ಎತ್ತಿದರು. ಮರುವರ್ಷದ ಮಳೆಗಾಲದೊಳಗೆ ಅಂಗಳದಲ್ಲಿ ತಗಡಿನ ಶೆಡ್ಡು ನಿಂತಿತು. ನೆಲಕ್ಕೆ ಗಚ್ಚು, ಸುತ್ತಲೂ ಮೊಣಕಾಲೆತ್ತರದ ಗೋಡೆ, ಒಂದೂ ಹನಿ ಒಳಗೆ ಬರುವಂತಿರಲಿಲ್ಲ. ಸುಣ್ಣ, ಬೂದಿ, ಚೀಲದ ಗಂಧಕ ಎಲ್ಲ ಒಳಗೆ ಹೋದವು. ತಾಡಪತ್ರಿಗಳನ್ನು ಆಫೀಸಿನ ಇನ್ನೊಬ್ಬರಿಗೆ ಒಪ್ಪಿಸಿ, ಧರೆಪ್ಪನನ್ನು ಶೆಡ್ಡಿಗೆ ಹಾಕಿದರು. ಶೆಡ್ಡು ಯಾರ ಮನೆಗೂ ಹೋಗುವುದಿಲ್ಲ. ಆದ್ದರಿಂದ ಶೆಡ್ಡಿನವನನ್ನು ಯಾರೂ ಮದುವೆಗೆ ಕರೆಯಲಿಲ್ಲ.

ಮೊದಲ ಬೇಸಿಗೆ ಅವನಿಗೆ ಕಷ್ಟವಾಯಿತು. ದೂರದಲ್ಲಿ ಬ್ಯಾಂಡು ಕೇಳಿದರೆ ಎದ್ದು ನಿಲ್ಲುವನು. ಆಮೇಲೆ ಶೆಡ್ಡಿನಲ್ಲೇ ಒಂದು ದರಬಾರು ಕಟ್ಟಿಕೊಂಡ. ಸುಣ್ಣದ ಲಾರಿ ಹಿಂದುಹಿಂದಕ್ಕೆ ಬಂದು ಪೂರ್ತಿ ಒಳಗೆ ನಿಲ್ಲುವವರೆಗೆ ಚೀಲ ಇಳಿಸಗೊಡುತ್ತಿರಲಿಲ್ಲ. ಒಂದು ಹರಳು ಹೊರಗೆ ಬಿದ್ದರೆ ಲಾರಿಯವನೇ ಆರಿಸಬೇಕು. "ನೀರ ಕುಡಿಯಾವರು ನೀನೋ ನಾನೋ?" ಎಂದು ದಬಾಯಿಸುವನು. ಇಬ್ಬರೂ ಅಲ್ಲವೆಂದು ಹೇಳುವ ಧೈರ್ಯ ಯಾವ ಲಾರಿಯವನಿಗೂ ಬರಲಿಲ್ಲ.

೧೯೯೪ರ ಜೂನಿನಲ್ಲಿ ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಅಂಗಳ ನೋಡಲು ಬಂದಿದ್ದ ರಾವಸಾಹೇಬರು ಓಡಿ ಬಂದು ಶೆಡ್ಡಿನ ಕೆಳಗೆ, ಹೊರಗಿನ ಅಂಚಿಗೇ ನಿಂತರು. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಹೊಳೆ, ಹಳ್ಳ, ಕಾರ್ಖಾನೆಯ ಕೊಳೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಹೊರಗಿನಿಂದ ಅಧಿಕಾರಿಗಳು ಬಂದು ಈ ಶೆಡ್ಡು ನೋಡಿ ಹೊಗಳಿ ಹೋಗಿದ್ದರು. ರಾವಸಾಹೇಬರು ತಗಡನ್ನು ತಲೆಯೆತ್ತಿ ನೋಡಿದರು.

"ಧರೆಪ್ಪಾ, ಈ ಶೆಡ್ ಕಟ್ಟಿಸಿದವರ್ಯಾರು?"

"ನೀವ ರೀ."

"ಯಾಕ ಕಟ್ಟಿಸಿದೆ ಗ್ವತ್ತೈತೇನು?"

ಧರೆಪ್ಪನಿಗೆ ಗೊತ್ತಿತ್ತು. ಶಾಲೆಯ ಬೆಂಚಿನ ಮೇಲೆ ಕುಳಿತ ಮದುಮಗನೂ ನೆನಪಿದ್ದ. ಆದರೂ, "ಹೇಳ್ರಿ" ಎಂದ.

"ಹಳ್ಳದ ನೀರ ಕೆಡಬಾರದಂತ. ಬಡಮಂದಿ ಕುಡೀತಾರ. ಆವಾಗ ಯಾರಿಗೂ ಇದರ ಅರಿವು ಇದ್ದಿಲ್ಲ. ನಾ ಒಬ್ಬನ ಮುಂದಿಂದ ವಿಚಾರಾ ಮಾಡಿದೆ."

ತಗಡಿನಿಂದ ಇಳಿದ ನೀರು ಗಟಾರದಲ್ಲಿ ಹಳ್ಳದ ಕಡೆಗೆ ಓಡುತ್ತಿತ್ತು. ಧರೆಪ್ಪ ಬಗ್ಗಿ ನೋಡಿದ. ಗಟಾರದ ತಳದ ಸಣ್ಣ ಕಲ್ಲುಗಳು ಒಂದೊಂದಾಗಿ ಕಾಣುವಷ್ಟು ತಿಳಿಯಾಗಿತ್ತು.

"ಹೌದ್ರಿ," ಎಂದ. ಮತ್ತೆ, ತಡೆಯಲಾರದೆ, "ಜರಾ ಒಳಗ ಸರೀರಿ. ನಿಮ್ಮ ಕಾಲಾಗ ಸುಣ್ಣಾ ಹತ್ತಿ ಹೊರಗ ಬರಾಕತ್ತೈತಿ," ಎಂದ.

ರಾವಸಾಹೇಬರು ಒಳಗೆ ಸರಿದರು.